ಗಾಲಿಯ ಮೇಲಿನ ಮಸುಕು

ಆಗಸ್ಟ್ ೫, ಸೋಮವಾರ

ಇವತ್ತಿನಿಂದ ಮತ್ತೆ ಬರೆಯುತ್ತೇನೆ. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ದಿನಾ ಬರೆಯುವ ಚಾಳಿ ಇತ್ತು, ಆಮೇಲೆ ಬಿಟ್ಟುಹೋಯಿತು. ಈಗ ಬರೆಯುವಂಥದ್ದೇನು ಬಂತು ಎಂದರೆ, ಒಂದು ಕಾರಿನ ನಾಲ್ಕು ಗಾಲಿಗಳು. ಯಾರ ಮುಂದಾದರೂ ಹೇಳಿದರೆ ನಗುತ್ತಾರೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ನನ್ನ ಧಣಿ, ರೈಸ್ ಮಿಲ್ಲಿನ ಸತೀಶ್ ಕುಮಾರ್, ನಾನು ಓಡಿಸುವ ಕಾರಿಗೆ ಹೊಸ ಅಲಾಯ್ ವೀಲ್ ಹಾಕಿಸಿದ್ದಾನೆ. ಎದುರಿಗೆ ‘ಸತೀಶಣ್ಣಾರೇ’ ಅನ್ನುತ್ತೇನೆ, ಇಲ್ಲಿ ಏಕವಚನವೇ ಸಾಕು. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಕಾಲದಿಂದ ಅವನನ್ನು ನೋಡಿದ್ದೇನೆ. ಗಾಲಿಗಳು ಮಾತ್ರ ಚೆಂದ. ಹಿತ್ತಾಳೆ ಬಣ್ಣ. ಬಿಸಿಲಿಗೆ ನಿಲ್ಲಿಸಿದರೆ ದೇವರಮನೆಯ ತಂಬಿಗೆಯ ಹಾಗೆ ಮಿನುಗುತ್ತವೆ. ಹಾಕಿಕೊಟ್ಟವನು ಬಸ್ ನಿಲ್ದಾಣದ ಹತ್ತಿರ ಟೈರ್ ಅಂಗಡಿ, ವಾಟರ್ ಸರ್ವಿಸ್ ಇಟ್ಟಿರುವ ಮುಬಾರಕ್.

‘ಬೆನಕಣ್ಣ, ಇದು ಆನೊಡೈಸ್ ಮಾಡಿದ್ದು,’ ಅಂದ. ‘ಮೇಲೆ ಬಳಿದ ಬಣ್ಣ ಅಲ್ಲ. ಕರೆಂಟ್ ಕೊಟ್ಟು ಲೋಹದ ಮೈಮೇಲೇ ಪದರ ಎಬ್ಬಿಸಿರ್ತಾರೆ. ಆಸಿಡ್ ಬ್ಯಾಡ, ಸೋಡಾ ಬ್ಯಾಡ, ತಂತಿ ಬ್ರಷ್ ಅಂತೂ ಮುಟ್ಟಿಸ್ಲೇ ಬ್ಯಾಡ್ರಿ. ಗಾಲಿ ತಣ್ಣಗಾದ ಮ್ಯಾಲೆ ನೀರು ಹೊಡೆದು, ಕಾರ್ ಶಾಂಪೂ ಹಾಕಿ, ಮೆತ್ತನೆ ಬ್ರಷ್ನಾಗೆ ಉಜ್ಜಿ, ಒಣ ಬಟ್ಟೇಲಿ ಒರೆಸ್ರಿ. ಆಗಾಗ ವ್ಯಾಕ್ಸ್ ಹಚ್ಚಿದ್ರೆ ಧೂಳು ಕಚ್ಚಲ್ಲ.’

ನನಗೆ ಹೇಳಿಕೊಡುತ್ತಾನೆ! ಆದರೂ ಹಾಗೇ ಮಾಡಿದೆ. ಸಂಜೆ ದಾವಣಗೆರೆಯಿಂದ ವಾಪಸ್ ಬಂದು, ಗಾಲಿ ತಣ್ಣಗಾಗುವವರೆಗೆ ಕಾದು, ತೊಳೆದು ಒರೆಸಿದೆ. ಕಸ್ತೂರಮ್ಮಾರು, ಅಂದರೆ ಸತೀಶನ ತಾಯಿ, ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಕಿಡ್ನಿ ಕೈಕೊಟ್ಟಿದೆ. ಸೋಮವಾರ, ಗುರುವಾರ ಡಯಾಲಿಸಿಸ್‌ಗೆ ಬಸವಾಪಟ್ಟಣದಿಂದ ತ್ಯಾವಣಿಗೆ ಮೇಲೆ ದಾವಣಗೆರೆಗೆ ಕರೆದುಕೊಂಡು ಹೋಗುವವನು ನಾನೇ. ಹೋದ ತಿಂಗಳು ನನಗೆ ಜ್ವರ ಬಂದಾಗ ಸತೀಶನಿಗೆ ರೈಸ್ ಮಿಲ್ ಬಿಟ್ಟು ಹೊರಡಲು ಪುರಸೊತ್ತಾಗಲಿಲ್ಲ. ಒಂದು ಸರದಿ ತಪ್ಪಿತು. ಅಮ್ಮಾರು ಕಾಲು ಊದಿ, ಉಸಿರು ಎಳೆದುಕೊಳ್ಳುತ್ತಾ ಕೂತಿದ್ದರು. ನಾನಿಲ್ಲದಿದ್ದರೆ ಆ ಮನೆಯ ಗತಿ ಅಷ್ಟೇ.

ಆಗಸ್ಟ್ ೧೮, ಭಾನುವಾರ

ಗಾಲಿಗಳ ಮೇಲೆ ಒಂದು ಮಸುಕು ಕಾಣುತ್ತಿದೆ. ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣ. ಒರೆಸಿದಷ್ಟೂ ಹಾಗೇ ಇರುತ್ತದೆ. ಬೋರ್‌ವೆಲ್ ನೀರಿನ ಉಪ್ಪೇ ಇರಬೇಕು ಎಂದು ಕ್ಯಾನ್ ನೀರು ತರಿಸಿ ತೊಳೆದೆ. ಹೋಗಲಿಲ್ಲ. ಮುಬಾರಕನ ಅಂಗಡಿಗೇ ಒಯ್ದು ನಿಲ್ಲಿಸಿದೆ.

ಅವನು ಕುಕ್ಕರಗಾಲಲ್ಲಿ ಕೂತು ನಾಲ್ಕೂ ಗಾಲಿ ನೋಡಿದ. ‘ಏನೂ ಇಲ್ವಲ್ಲಣ್ಣ. ಅಂಗಡ್ಯಾಗೆ ಇಟ್ಟಿದ್ದಂಗೇ ಐತೆ.’

‘ಸರಿಯಾಗಿ ನೋಡೋ ಮಾರಾಯ, ಅಂಚಿನ ಹತ್ರ.’

‘ಇಲ್ಲ ಅಂದೆನಲ್ಲ,’ ಎಂದು ನನ್ನ ಮುಖ ನೋಡಿದ.

ಮಾರುವಾಗ ಕಾಣುವ ಕಣ್ಣು ದೂರು ಹೇಳಿದಾಗ ಕಾಣುವುದಿಲ್ಲ ಇಂಥವರಿಗೆ. ಮಾಲು ಕಳಪೆ ಎಂದು ಅವನೇ ಹೇಳಿಯಾನೇ?

ಸೆಪ್ಟೆಂಬರ್ ೯, ಸೋಮವಾರ

ಕಸ್ತೂರಮ್ಮಾರಿಗೆ ಬಾಯಿ ಹೆಚ್ಚಾಗಿದೆ. ಮೊದಲು ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದರು. ಈಗ ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎಂದು ಮುಂದಿನ ಸೀಟಿಗೆ ಬಂದಿದ್ದಾರೆ. ಬಂದದ್ದೇ ಶುರು.

‘ಬೆನಕಪ್ಪ, ಎಡಗಡೆ ಕುರಿ ಬರ್ತಾವೆ ನೋಡಪ್ಪ.’ ‘ಆ ಬೈಕ್ನೋನು ಹೆಂಗೆ ನುಗ್ತಾನೆ ನೋಡು.’ ‘ಹಂಪ್ ಬಂತು ಅನ್ಸುತ್ತೆ, ಅಲ್ವಾ?’ ‘ನಾಲೆ ಸೇತುವೆ ಬಂತು, ಎಷ್ಟು ಕಿರಿದು ಮಾಡ್ಯಾರಪ್ಪ ಇದನ್ನ.’

ಅಸ್ಸಾಂ, ಗುಜರಾತ್ ನೋಡಿ ಬಂದವನಿಗೆ ತ್ಯಾವಣಿಗೆ ಹಂಪ್ ತೋರಿಸುತ್ತಾರೆ. ಹಲ್ಲು ಕಚ್ಚಿಕೊಂಡು ‘ಹ್ಞೂಂ ಅಮ್ಮಾರೇ, ಹ್ಞೂಂ’ ಎಂದು ತಲೆ ಆಡಿಸಿದೆ. ಕಾಯಿಲೆಯವರ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೆ ಬಾಯಿ ಮುಚ್ಚಿಸುವ ಮಾತ್ರೆ ಏನಾದರೂ ಇದ್ದರೆ ಡಾಕ್ಟರು ಅದನ್ನೂ ಬರೆದುಕೊಡಬಾರದೇ ಅನ್ನಿಸಿತು.

ಸೆಪ್ಟೆಂಬರ್ ೨೬, ಗುರುವಾರ

ಮಿಲ್ಲಿನ ಗೇಟಿಗೆ ಎಡಗಡೆ ಕನ್ನಡಿ ತಗುಲಿ ಮುರಿಯಿತು. ಗೇಟಿನ ಒಂದು ಬಾಗಿಲನ್ನು ಅರ್ಧ ಮುಚ್ಚಿಟ್ಟಿದ್ದ ವಾಚ್‌ಮನ್‌ಗೆ ಚೆನ್ನಾಗಿ ಬೈದೆ. ಅವನು ಪೂರ್ತಿ ತೆರೆದಿದ್ದೆ ಎಂದು ಸುಳ್ಳು ಹೇಳಿದ.

ಗಾಲಿಗೆ ವ್ಯಾಕ್ಸ್ ಹಚ್ಚಿದೆ. ಮಸುಕು ಇನ್ನೂ ಜಾಸ್ತಿಯಾಗಿದೆ. ವ್ಯಾಕ್ಸೂ ನಕಲಿಯೇ ಇರಬೇಕು.

ಈ ಡೈರಿಯ ಕಾಗದವೂ ಅಷ್ಟೇ. ಗೆರೆಗಳನ್ನು ಇಷ್ಟು ತೆಳ್ಳಗೆ ಹಾಕಿದರೆ ಬರೆಯುವವನು ಏನು ಮಾಡಬೇಕು? ಹಿಂದಿನ ಪುಟ ತಿರುವಿ ನೋಡಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿವೆ.

ಅಕ್ಟೋಬರ್ ೧೦, ಗುರುವಾರ

ಗೆದ್ದೆ! ಮಸುಕು ಹೋಯಿತು!

ನಾಳೆ ಆಯುಧಪೂಜೆ. ಹೋದ ವರ್ಷ ಪೂಜೆಯ ದಿನ ಕಾರು ಮದುಮಗನ ಹಾಗಿತ್ತು. ಈ ಸಲ ಈ ಹಾಳು ಮಸುಕಿನ ಗಾಲಿಗೆ ಕುಂಕುಮ ಹಚ್ಚುವುದು ಹೇಗೆ ಎಂದು ಎರಡು ದಿನದಿಂದ ತಲೆ ಕೆಟ್ಟುಹೋಗಿತ್ತು. ಬೆಳಗ್ಗೆ ನನ್ನ ಹೆಂಡತಿ ಪುಷ್ಪಾವತಿ ನಲ್ಲಿಯ ಹತ್ತಿರ ಕೂತು ಹುಣಸೆಹಣ್ಣು, ಒಲೆಬೂದಿ ಹಾಕಿ ಹಿತ್ತಾಳೆ ಕೊಡ ಬೆಳಗುತ್ತಿದ್ದಳು. ನೋಡುತ್ತಿದ್ದ ಹಾಗೆ ಬುದ್ಧಿ ಓಡಿತು. ಗಾಲಿಯೂ ಹಿತ್ತಾಳೆ ಬಣ್ಣದ್ದೇ ತಾನೆ?

‘ಮುಬಾರಕ್ ಏನೂ ಹಚ್ಚಬ್ಯಾಡ ಅಂದಿದ್ದನಂತಲ್ರೀ,’ ಅಂದಳು.

‘ಅವನು ಟೈರ್ ಮಾರೋನು. ಅವರಜ್ಜಿ ಕೊಡ ಬೆಳಗಿದ್ದು ನೋಡ್ಯಾನಾ?’ ಅಂದು ಬಕೆಟ್ಟಿಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿಕೊಂಡು ಹೋದೆ.

ದಾವಣಗೆರೆಯಿಂದ ಬಂದ ಮೇಲೆ ನಾಲ್ಕೂ ಗಾಲಿಗೆ ದಪ್ಪಗೆ ಮೆತ್ತಿ, ಒಣಗಲು ಬಿಟ್ಟು, ತೋಳು ಬೀಳುವವರೆಗೆ ಉಜ್ಜಿದೆ. ನೀರು ಹೊಡೆದಾಗ ಬೆಳ್ಳಗೆ ಥಳಥಳ ಅಂದವು. ಕಣ್ಣಿಗೆ ಹೊಡೆಯುವಂಥ ಬೆಳಕು. ಸಂತೋಷಕ್ಕೆ ಒಬ್ಬನೇ ನಕ್ಕೆ. ಮುಬಾರಕನಿಗೆ ನಾಳೆ ತೋರಿಸಬೇಕು.

ಅಕ್ಟೋಬರ್ ೧೧, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಪೂಜೆಗೆ ಸತೀಶ ಹೊರಗೆ ಬಂದವನು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟ. ‘ಏನು ಮಾಡಿಟ್ಟಿದೀಯ ಬೆನಕಪ್ಪಣ್ಣ ಇದನ್ನ? ತೊನ್ನು ಹತ್ತಿದಂಗೆ ಆಗೈತಲ್ಲ!’

ಏನು ಆಗಿದೆ ಎಂದು ಕೇಳಿದೆ. ಅವನು ನನ್ನ ಕೈ ಹಿಡಿದು ಗಾಲಿಯ ಮೇಲೆ ಇಟ್ಟ. ನುಣುಪು ಹೋಗಿತ್ತು. ಗೋಡೆ ಸವರಿದ ಹಾಗೆ ತರಿತರಿ. ಪೂಜೆಯ ಪ್ರಸಾದಕ್ಕೆ ಬಂದಿದ್ದ ಮುಬಾರಕನೂ ಬಗ್ಗಿ ನೋಡಿದ. ಏನು ಹಚ್ಚಿದ್ದು ಎಂದು ಕೇಳಿದ, ಹೇಳಿದೆ.

‘ಬೂದಿ ಪದರಾನೇ ತಿಂದುಹಾಕೈತೆ ಸತೀಶಣ್ಣ. ಇದು ಮತ್ತೆ ಬರಲ್ಲ.’

ಎಲ್ಲರ ಮುಂದೆ ಸತೀಶ ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ನಾಳೆಯಿಂದ ಬರಬೇಡ ಎನ್ನುವ ಮಾತೂ ಬಂತು. ಆಗ ಕಸ್ತೂರಮ್ಮಾರು ಜಗುಲಿಯಿಂದ ಎದ್ದು ಬಂದರು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ. ‘ಗಾಲಿ ಹೋದ್ರೆ ಹೋಗ್ಲಿ. ನಂಗೆ ಬೆನಕಪ್ಪನೇ ಬೇಕು. ಇಲ್ಲ ಅಂದ್ರೆ ನೀನೇ ಬಾ ವಾರಕ್ಕೆ ಎಲ್ಡು ಸಲ,’ ಅಂದರು. ಸತೀಶ ಕುಂಕುಮದ ತಟ್ಟೆ ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಹೊರಡುವಾಗ ಮುಬಾರಕ್ ನನ್ನನ್ನು ಪಕ್ಕಕ್ಕೆ ಕರೆದ. ‘ಬೆನಕಣ್ಣ, ಬೇಜಾರಾಗ್ಬ್ಯಾಡ್ರಿ. ಮಸುಕು ಗಾಲಿ ಮ್ಯಾಲೆ ಇರ್ಲೇ ಇಲ್ಲ. ಕಣ್ಣು ತೋರಿಸ್ರಿ ಒಂದ್ಸಲ.’

‘ನಿನ್ನ ಮಾಲು ನೆಟ್ಟಗಿದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ,’ ಅಂದು ಬಂದುಬಿಟ್ಟೆ. ಅವನ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ.

ಅಕ್ಟೋಬರ್ ೨೧, ಸೋಮವಾರ

ಪುಷ್ಪಾವತಿಯದು ದಿನಾ ಅದೇ ರಾಗ. ಹೊನ್ನಾಳಿಯಲ್ಲಿ ಕಣ್ಣಿನ ತಪಾಸಣೆ ಶಿಬಿರ ಇದೆಯಂತೆ, ಅವಳ ತಂಗಿಯ ಗಂಡ ಹೋಗುತ್ತಾನಂತೆ. ನನ್ನ ಸಕ್ಕರೆ ಕಾಯಿಲೆ ಕಣ್ಣಿನ ನರಕ್ಕೆ ಇಳಿದಿರಬಹುದಂತೆ. ಇವಳು ಯಾವಾಗ ಡಾಕ್ಟರಾದಳೋ.

ಸ್ವಲ್ಪ ಮಂಜು ಇರುವುದು ನಿಜ. ಸಕ್ಕರೆ ಏರಿದಾಗ ಹಾಗಾಗುತ್ತದೆ, ಇಳಿದರೆ ಹೋಗುತ್ತದೆ. ಶಿಬಿರಕ್ಕೆ ಹೋದರೆ ಚೀಟಿ ಬರೆದುಕೊಡುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ, ಸತೀಶ ಮರುದಿನವೇ ಕೀ ಇಸಿದುಕೊಳ್ಳುತ್ತಾನೆ. ಆಮೇಲೆ ನಾನು ಯಾರು? ಹುಟ್ಟಿದಾಗಿನಿಂದ ಸ್ಟೇರಿಂಗ್ ಒಂದು ಬಿಟ್ಟು ಬೇರೆ ಏನನ್ನೂ ನೆಟ್ಟಗೆ ಹಿಡಿದವನಲ್ಲ. ಭಯವಾಗುತ್ತದೆ. ಇದನ್ನು ಅವಳಿಗೆ ಹೇಳಲಿಲ್ಲ, ‘ಚಳಿಗಾಲ ಕಳೀಲಿ, ನೋಡಾಣ’ ಅಂದೆ.

ದಾರಿ ನನಗೆ ಬಾಯಿಪಾಠ. ತ್ಯಾವಣಿಗೆಯ ತಿರುವು, ನಾಲೆ, ಪೆಟ್ರೋಲ್ ಬಂಕು, ಎಲ್ಲ. ಕಣ್ಣು ಮುಚ್ಚಿಕೊಂಡು ಓಡಿಸಬಲ್ಲೆ.

ನವೆಂಬರ್ ೧೪, ಗುರುವಾರ

ಒಬ್ಬಳ ಮೇಲೆ ಕಾರು ಹರಿಯಿತು.

ಡಯಾಲಿಸಿಸ್ ಮುಗಿದ ಮೇಲೆ ಅಮ್ಮಾರಿಗೆ ಬಿ.ಪಿ. ಇಳಿದಿತ್ತು. ಮುಂದೆ ಕೂರಲಾಗದೆ ಹಿಂದಿನ ಸೀಟಿನಲ್ಲಿ ಮಲಗಿದರು. ಇವತ್ತಾದರೂ ದಾರಿ ಹಾಯಾಗಿರುತ್ತದೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ತ್ಯಾವಣಿಗೆ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹಾಕಿದ್ದರು. ಸುಗ್ಗಿಯಲ್ಲಿ ಎಲ್ಲರೂ ಹಾಕುತ್ತಾರೆ, ವಾಹನ ಹತ್ತದ ಹಾಗೆ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಇಳಿಬಿಸಿಲು ಎದುರಿಗೆ. ಎಲ್ಲ ಹಳದಿ. ಮುಂದಿನ ಗಾಲಿ ಕಲ್ಲಿಗೆ ಬಡಿಯಿತು. ಇನ್ನೊಂದು ಸದ್ದು ಬಂತು. ಆಮೇಲೆ ಕೂಗು.

ಜೋಳ ತಿರುವುತ್ತಿದ್ದ ಹೆಂಗಸು. ಓಬವ್ವ ಅಂತೆ. ಮೊಣಕಾಲಿನ ಕೆಳಗೆ ಪುಡಿಯಾಗಿದೆ ಅಂದರು.



ನವೆಂಬರ್ ೧೬, ಶನಿವಾರ

ಕಾಲು ತೆಗೆದರು.

ನಿನ್ನೆ ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ‘ಜೋಳದ ಮೇಲೆ ಗಾಲಿ ಜಾರಿತು, ಹಿಡಿತ ಸಿಗಲಿಲ್ಲ’ ಎಂದು ಹೇಳಿದೆ. ಬಾಯಿಗೆ ತಾನಾಗಿ ಬಂತು. ಬರೆದುಕೊಂಡವರು ತಲೆಯಾಡಿಸಿದರು. ರಸ್ತೆ ಮೇಲೆ ಒಣಗಿಸಬೇಡಿ ಎಂದು ಎಷ್ಟು ಹೇಳಿದರೂ ಈ ಜನ ಕೇಳುವುದಿಲ್ಲ ಅಂದರು. ಜಾಮೀನು ಕೊಡಲು ಬಂದಿದ್ದ ಸತೀಶ ನನ್ನ ಹೆಗಲು ತಟ್ಟಿದ. ‘ಇದನ್ನೇ ಹಿಡ್ಕೋ ಬೆನಕಪ್ಪಣ್ಣ. ತಪ್ಪು ಅವರದ್ದೇ ಆಗುತ್ತೆ.’

ಗಾಲಿ ಜಾರಿದ್ದೂ ಇರಬಹುದು. ಮೆಕ್ಕೆಜೋಳ ಜಾರುತ್ತದೆ, ಎಲ್ಲರಿಗೂ ಗೊತ್ತು. ಎಷ್ಟು ಜನ ಬೈಕಿನವರು ಬಿದ್ದಿಲ್ಲ? ನಾನು ಬ್ರೇಕ್ ಹಾಕಿದ್ದೆನೇ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಹಾಕಿದ್ದೆ ಅನ್ನಿಸುತ್ತದೆ.

ಪುಷ್ಪಾವತಿ ಈಗ ಶಿಬಿರದ ಮಾತು ಎತ್ತುವುದಿಲ್ಲ. ಅನ್ನ ಬಡಿಸಿ ಒಳಗೆ ಹೋಗುತ್ತಾಳೆ.

ನವೆಂಬರ್ ೨೦, ಬುಧವಾರ

ಕಸ್ತೂರಮ್ಮಾರು ಹೇಳಿಕಳಿಸಿದ್ದರು. ಹೋದೆ. ಕಾರು ಠಾಣೆಯಲ್ಲೇ ಇದೆ, ಸೋಮವಾರದ ಸರದಿ ತಪ್ಪಿದೆ. ಮುಖ ಬಾತು ಮಾತು ತೊದಲುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹತ್ತಿರ ಕೂರಿಸಿಕೊಂಡರು.

‘ಬೆನಕಪ್ಪ, ಅವತ್ತು ನಾನು ನಿದ್ದೆ ಮಾಡ್ಬಾರದಿತ್ತು.’

‘ನಿಮ್ದೇನು ತಪ್ಪು ಅಮ್ಮಾರೇ.’

‘ಗೊತ್ತಿತ್ತಲ್ಲಪ್ಪ ನಂಗೆ. ಗಣಪತಿ ಹಬ್ಬಕ್ಕೂ ಮೊದ್ಲೇ ಗೊತ್ತಿತ್ತು. ಒಂದಿನ ಎಮ್ಮೆ ಅಡ್ಡ ನಿಂತಿತ್ತು, ನೀನು ಹಾರ್ನೂ ಹೊಡೀದೆ ಹೋದೆ. ಅವತ್ತಿಂದ ಮುಂದೆ ಕೂತೆ.’

ಏಳಲು ಹೋದೆ, ಕೈ ಹಿಡಿದು ಕೂರಿಸಿದರು.

‘ಸತೀಶಂಗೆ ಹೇಳಿದ್ರೆ ನಿನ್ನ ಬಿಡಿಸ್ತಿದ್ದ. ಬೇರೆ ಡ್ರೈವರು ಸಿಗಾತನಕ ನನ್ನ ಗತಿ? ಒಂದು ಸಲ ತಪ್ಪಿದ್ರೇ ಹೆಂಗಾಗುತ್ತೆ ನೋಡಿದೀಯಲ್ಲ. ಸಾಯಾಕೆ ಹೆದರಿಕೆ ಆತು ಕಣಪ್ಪ. ಬಾಯಿ ಇರಾತನಕ ದಾರಿ ಹೇಳಿದ್ರಾತು ಅಂದ್ಕೊಂಡೆ.’ ಒಂದು ಸಲ ಉಸಿರು ಎಳೆದುಕೊಂಡರು. ‘ಠಾಣೇಲಿ ಹೇಳಿದ್ದನ್ನ ಬದಲಾಯಿಸ್ಬ್ಯಾಡ. ಗೊತ್ತಿದ್ದೂ ಕೂತಿದ್ಲು ಅಂತ ನನ್ನೂ ಸೇರಿಸ್ತಾರೆ.’

ಅವರ ಮೇಲೆ ಸಿಟ್ಟು ಬಂತು. ಬಾಯಿ ಮುಚ್ಚಿಸುವ ಮಾತ್ರೆ ಕೇಳಿದ್ದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಆದರೆ ಅಮ್ಮಾರು ಹೇಳುವಷ್ಟು ಕೆಟ್ಟಿಲ್ಲ ನನ್ನ ಕಣ್ಣು. ಕಾಯಿಲೆಯವರಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಎಮ್ಮೆ ನನಗೆ ನೆನಪೇ ಇಲ್ಲ.

ಓಬವ್ವನನ್ನು ಒಂದು ಸಲ ನೋಡಿಕೊಂಡು ಬರಬೇಕು. ಏನಾದರಾಗಲಿ, ಕ್ಷಮಿಸು ತಾಯಿ ಎಂದು ಒಂದು ಮಾತು ಹೇಳಿ ಬರುತ್ತೇನೆ. ಅಷ್ಟಾದರೆ ನಿದ್ದೆ ಹತ್ತಬಹುದು.

ನವೆಂಬರ್ ೨೪, ಭಾನುವಾರ

ಬಸ್ಸಿನಲ್ಲಿ ಹೋದೆವು. ದಾವಣಗೆರೆಯ ಆಸ್ಪತ್ರೆಯಲ್ಲಿ ಪುಷ್ಪಾವತಿಯನ್ನು ಕೆಳಗೇ ಕೂರಿಸಿದೆ. ಹೆಂಡತಿಯನ್ನು ಮುಂದಿಟ್ಟುಕೊಂಡು ಕ್ಷಮೆ ಕೇಳಿದ ಎಂದು ಯಾರೂ ಅನ್ನಬಾರದು. ವಾರ್ಡಿನ ಬಾಗಿಲಲ್ಲಿ ನರ್ಸ್ ಹೇಳಿದಳು, ‘ಓಬವ್ವನಾ? ಕಿಟಕಿ ಕಡೆ ಹೋಗ್ರಿ.’

ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಮಂಚದ ಹತ್ತಿರ ಹೋಗಿ ನಿಂತೆ. ಹೊದ್ದು ಮಲಗಿದ್ದಳು. ಎಬ್ಬಿಸುವುದು ಬೇಡ ಎಂದುಕೊಂಡೆ, ಆದರೆ ಹೇಳದೆ ಹೋದರೆ ಇನ್ನೊಂದು ಸಲ ಧೈರ್ಯ ಬರುವುದಿಲ್ಲ. ಕೈಮುಗಿದೆ.

‘ಓಬವ್ವ, ನಾನು ಬೆನಕಪ್ಪ. ಅವತ್ತು ಕಾರು ಓಡಿಸ್ತಿದ್ದೋನು. ಗಾಲಿ ಜಾರಿ ಹಿಂಗಾತವ್ವ. ಬೇಕು ಅಂತ ಮಾಡ್ಲಿಲ್ಲ. ನಂಗೂ ಮಕ್ಕಳು ಮರಿ ಅವೆ. ಹೊಟ್ಟೆಗೆ ಹಾಕ್ಕೋ ತಾಯಿ.’

ಅವಳು ಅಲುಗಾಡಲಿಲ್ಲ. ನನಗೆ ಅಳು ಬಂತು. ಮತ್ತೊಂದು ಸಲ ‘ಹೊಟ್ಟೆಗೆ ಹಾಕ್ಕೋ’ ಅಂದೆ.

ಬೆನ್ನ ಹಿಂದಿನಿಂದ ಒಂದು ದನಿ ಬಂತು. ‘ಅಲ್ಲಿ ಯಾರೂ ಇಲ್ಲ. ಅದು ಸುತ್ತಿಟ್ಟಿರೋ ಹಾಸಿಗೆ. ನಾನಿಲ್ಲಿದೀನಿ.’

ತಿರುಗಿದೆ. ಒಂದು ಆಕಾರ ಕಂಡಿತು. ಮುಖ ಕಾಣಲಿಲ್ಲ.

‘ನಿಂಗೆ ಕಣ್ಣು ಕಾಣಲ್ಲ,’ ಅಂದಳು. ಬೈದ ಹಾಗಿರಲಿಲ್ಲ. ಏನನ್ನೋ ಲೆಕ್ಕ ಹಾಕಿ ಮುಗಿಸಿದ ಹಾಗಿತ್ತು. ‘ಅವತ್ತು ಎಲ್ಡೂ ಕೈ ಮ್ಯಾಲೆತ್ತಿ ನಿಲ್ಸು ನಿಲ್ಸು ಅಂದೆ. ನನ್ನ ಮುಖಾನೇ ನೋಡ್ತಾ ಬಂದೆ ನೀನು. ತಪ್ಪಿಸಾಕೂ ಹೋಗ್ಲಿಲ್ಲ. ನಾನು ಈ ಮನುಷ್ಯಂಗೆ ಏನು ಮಾಡಿದ್ದೆ, ಯಾಕೆ ಹಿಂಗೆ ನೋಡ್ಕೊಂಡು ಬಂದು ಹತ್ತಿಸ್ದ ಅಂತ, ಮಲಗಿದಾಗಿಂದ ಅದೊಂದೇ ಯೋಚ್ನೆ ನಂಗೆ.’

ಸತೀಶನ ಮಾತು ನೆನಪಾಯಿತು. ಅಮ್ಮಾರ ಬಾತ ಮುಖವೂ ನೆನಪಾಯಿತು. ಸ್ವಲ್ಪ ಮಂಜು ಅಷ್ಟೇ ಅನ್ನಬಹುದಿತ್ತು. ಬಿಸಿಲು ಎದುರಿಗಿತ್ತು ಅನ್ನಬಹುದಿತ್ತು.

‘ಹೌದವ್ವ,’ ಅಂದೆ. ‘ಕಾಣಲ್ಲ.’

‘ಜೋಳ ಜಾರ್ತು ಅಂತ ಬರ್ಸಿದೀಯಂತೆ. ತಪ್ಪು ನಂದೇ ಅಂತ ನನ್ನ ಗಂಡನೂ ಬೈದು ಹೋದ.’

‘ಜಾರ್ಲಿಲ್ಲ. ನೀನು ಅಲ್ಲಿದ್ದಿದ್ದೇ ನಂಗೆ ಕಾಣ್ಲಿಲ್ಲ. ಬ್ರೇಕೂ ಹಾಕ್ಲಿಲ್ಲ.’

ಆಮೇಲೆ ಅವಳು ಅತ್ತಳೋ, ಗೋಡೆ ಕಡೆ ಮುಖ ಮಾಡಿದಳೋ, ನನ್ನನ್ನೇ ನೋಡುತ್ತಿದ್ದಳೋ, ನನಗೆ ಗೊತ್ತಾಗಲಿಲ್ಲ. ಕೇಳುವುದು ಹೇಗೆ? ಮಂಚದ ಕಬ್ಬಿಣ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಕೊನೆಗೆ ನರ್ಸ್ ಬಂದು ತೋಳು ಹಿಡಿದು ಬಾಗಿಲ ತನಕ ಬಿಟ್ಟಳು.

ನಾಳೆ ಠಾಣೆಗೆ ಹೋಗಿ ಹೇಳಿಕೆ ಬದಲಾಯಿಸುತ್ತೇನೆ. ಹೋಗುವ ದಾರಿಯಲ್ಲಿ ಅಮ್ಮಾರ ಮನೆ ಸಿಗುತ್ತದೆ. ಸೋಮವಾರ, ಅವರು ಸೀರೆ ಉಟ್ಟು ಜಗುಲಿಯಲ್ಲಿ ಬಾಡಿಗೆ ಕಾರಿಗೆ ಕಾಯುತ್ತಾ ಕೂತಿರುತ್ತಾರೆ. ಅವರಿಗೆ ಏನು ಹೇಳಬೇಕೋ ತಿಳಿಯದು. ಪುಷ್ಪಾವತಿಯ ಕೈ ಹಿಡಿದುಕೊಂಡು ಅವರ ಮುಂದೆಯೇ ಹಾದುಹೋಗಬೇಕು.